ಬರೀ ಹೂವಿನ ಫೋಟೋ

ಜುಲೈ 18, 2025, ಶುಕ್ರವಾರ

ಸಂಜೆ ಯಾರೋ ಕಳಿಸಿದ ಒಂದೇ ಫೋಟೋ ಆಗಿನಿಂದ ಕಾಡುತ್ತಿದೆ. ಬಿಳಿ ಕೊಡೆಯಂಥ ಹೂಗೊಂಚಲು, ಕೆಳಗೆ ಒಂದು ಸಾಲು: "ಇದು ಕಾಡು ಆಂಜೆಲಿಕಾನಾ? ಬೇರು ಕೀಳಬಹುದಾ?" ಎಲೆಯಿಲ್ಲ, ಕಾಂಡವಿಲ್ಲ, ನಿಂತ ನೆಲವೂ ಇಲ್ಲ.

ಆಂಜೆಲಿಕಾ ಸೇರಿ ಕೊತ್ತಂಬರಿ ಕುಟುಂಬದ ಎಷ್ಟೋ ಗಿಡಗಳು ಹೀಗೇ ಕೊಡೆ ಬಿಚ್ಚುತ್ತವೆ. ಆಂಜೆಲಿಕಾ ಬೆಳೆಯುವ ಜೌಗಿನಲ್ಲೇ ವಾಟರ್ ಹೆಮ್ಲಾಕ್ ಕೂಡ ಬೆಳೆಯುತ್ತದೆ. ಅದರ ಬೇರು ತಿಂದವರ ಜೀವವನ್ನೇ ತೆಗೆಯಬಲ್ಲದು. ಹೆಮ್ಲಾಕಿನ ಎಲೆನರ ಅಂಚಿನ ಹಲ್ಲುಗಳ ನಡುವಿನ ಕಚ್ಚಿಗೆ ಹೋಗಿ ಮುಟ್ಟುತ್ತದೆ ಅನ್ನುತ್ತಾರೆ, ಆದರೆ ಅದೊಂದನ್ನೇ ನಂಬಬಾರದು. ಕಾಯಿ ಬಲಿಯುವವರೆಗೆ ಕಾಯಿರಿ. ಆಂಜೆಲಿಕಾ ಕಾಯಿ ಚಪ್ಪಟೆ, ಅಂಚಿನಲ್ಲಿ ತೆಳು ರೆಕ್ಕೆ. ಹೆಮ್ಲಾಕಿನದು ಗುಂಡಗೆ, ರೆಕ್ಕೆಯಿಲ್ಲ.

ಕಾಂಡದ ಹತ್ತಿರ ಬಗ್ಗಿ ನೋಡಿದರೆ ಇನ್ನಷ್ಟು ತಿಳಿಯುತ್ತದೆ. ಯುರೋಪಿನ ಕಾಡು ಆಂಜೆಲಿಕಾದ, ಅಂದರೆ ಆಂಜೆಲಿಕಾ ಸಿಲ್ವೆಸ್ಟ್ರಿಸ್‌ನ, ಎಲೆತೊಟ್ಟಿನ ಮೇಲ್ಭಾಗದಲ್ಲಿ ಉದ್ದಕ್ಕೂ ಕಾಲುವೆಯಂಥ ತಗ್ಗು. ತೊಟ್ಟಿನ ಬುಡ ಚೀಲದ ಹಾಗೆ ಉಬ್ಬಿ ಕಾಂಡವನ್ನು ಅಪ್ಪಿಕೊಂಡಿರುತ್ತದೆ, ಎಳೆ ಗೊಂಚಲು ಆ ಚೀಲದೊಳಗಿಂದಲೇ ಹೊರಬರುತ್ತದೆ. ಕಾಂಡ ಟೊಳ್ಳು, ಹಲವು ಸಲ ನೇರಳೆ ಛಾಯೆ. ಬರಿಗೈಲಿ ಮುರಿಯಬೇಡಿ, ರಸ ತಾಗಿದ ಚರ್ಮಕ್ಕೆ ಬಿಸಿಲು ಬಿದ್ದರೆ ಬೊಬ್ಬೆ ಏಳಬಹುದು.

ಇನ್ನು ನೆಲ. ಆಂಜೆಲಿಕಾದಲ್ಲೇ ಹಲವು ಪ್ರಭೇದಗಳಿವೆ, ಒಂದೊಂದರ ನೆಲೆ ಬೇರೆ. ಸಿಲ್ವೆಸ್ಟ್ರಿಸ್‌ಗೆ ಹಳ್ಳದ ದಡ, ಒದ್ದೆ ಹುಲ್ಲುಗಾವಲು, ತೇವದ ಕಾಡು. ಆರ್ಕ್ಯಾಂಜೆಲಿಕಾ ಇನ್ನೂ ಉತ್ತರದ್ದು: ಸ್ಕ್ಯಾಂಡಿನೇವಿಯಾ, ಐಸ್‌ಲ್ಯಾಂಡ್, ಗ್ರೀನ್‌ಲ್ಯಾಂಡ್. ಅದರದ್ದೇ ಒಂದು ಉಪಪ್ರಭೇದ ಕಡಲ ದಂಡೆಯಲ್ಲಿ ಬೆಳೆಯುತ್ತದೆ. ನೇರಳೆ ಕಾಂಡದ ಆಟ್ರೋಪರ್ಪ್ಯೂರಿಯಾ ಉತ್ತರ ಅಮೆರಿಕದ ಪೂರ್ವಭಾಗದ ಜೌಗಿನ ಗಿಡ. ಅಲ್ಲಿಯದೇ ವೆನೆನೋಸಾ ಮಾತ್ರ ಒಣ ಕಾಡನ್ನು ಇಷ್ಟಪಡುತ್ತದೆ. ಹಾಗಾಗಿ "ಆಂಜೆಲಿಕಾ ಅಂದರೆ ನೀರಿನ ಗಿಡ" ಎಂದು ಕಣ್ಣು ಮುಚ್ಚಿ ಹೇಳುವಂತಿಲ್ಲ. ಅಳಿದುಹೋದೀತು ಎಂದು ನನಗೆ ಹೆಚ್ಚು ಭಯ ಹೆಟೆರೋಕಾರ್ಪಾ ಎಂಬ ಪ್ರಭೇದದ್ದು. ಫ್ರಾನ್ಸಿನ ಅಟ್ಲಾಂಟಿಕ್ ಅಳಿವೆಗಳಲ್ಲಿ, ಉಬ್ಬರದ ನೀರು ಬಂದು ಹೋಗುವ ಕೆಸರು ದಡ ಬಿಟ್ಟರೆ ಅದಕ್ಕೆ ಜಗತ್ತಿನಲ್ಲಿ ಬೇರೆ ನೆಲೆಯೇ ಇಲ್ಲ. ಆ ದಡಕ್ಕೆ ಕಲ್ಲು ಕಟ್ಟಿದರೆ ಗಿಡ ಎಲ್ಲಿಗೆ ಹೋಗಬೇಕು?

ಬೇರು ಕೀಳುವ ಮಾತಿಗೆ ಬಂದರೆ, ಸಿಲ್ವೆಸ್ಟ್ರಿಸ್, ಆರ್ಕ್ಯಾಂಜೆಲಿಕಾ ಎರಡೂ ಸಾಮಾನ್ಯವಾಗಿ ಒಮ್ಮೆ ಹೂಬಿಟ್ಟು, ಬೀಜ ಉದುರಿಸಿ ಸಾಯುತ್ತವೆ. ಹೂವಿಗೆ ಮೊದಲೇ ಕಿತ್ತರೆ ಬೀಜಕ್ಕೂ ಕಲ್ಲು ಬಿದ್ದಂತೆ. ಬೆಳೆಸುವ ಆಸೆಯಿದ್ದವರು ಹೊಸ ಬೀಜವನ್ನೇ ಬಿತ್ತಬೇಕು, ಇಟ್ಟಷ್ಟೂ ಮೊಳೆಯುವ ಶಕ್ತಿ ಬೇಗ ಹೋಗುತ್ತದೆ. ಮೇಲೆ ಮಣ್ಣು ಮುಚ್ಚಬಾರದು, ಬೆಳಕು ಬೇಕು. ಚಳಿಯೂ ಬೇಕು.

ಬೇರು ಮುಟ್ಟಬೇಡಿ, ತೊಟ್ಟಿನ ಬುಡದ ಫೋಟೋ, ನೆಲದ ಫೋಟೋ ಕಳಿಸಿ ಎಂದು ಬರೆದಿದ್ದೇನೆ. ಅವರು ಇನ್ನೂ ಓದಿಲ್ಲ. ಕತ್ತಲಾಯಿತು.