ಖಾಲಿ ತೋಟಾಗಳ ವಿಂಗಡಣೆ: ಬಾಯಿಯಿಂದ ಬುಡದವರೆಗೆ

ಮೊದಲ ದಿನ

ಗುರಿ ಅಭ್ಯಾಸದ ಮೈದಾನದಲ್ಲಿ ಎರಡು ತಿಂಗಳಿಂದ ಹೆಕ್ಕಿ ಕೂಡಿಟ್ಟಿದ್ದ ಖಾಲಿ ತೋಟಾಗಳನ್ನು ಇಂದು ಮೇಜಿನ ಮೇಲೆ ಸುರುವಿದೆ. ಒಟ್ಟು 412. ಇವುಗಳಲ್ಲಿ ಎಷ್ಟಕ್ಕೆ ಮತ್ತೆ ಮದ್ದು, ಚರೆ ತುಂಬಬಹುದು ಎಂದು ತೀರ್ಮಾನಿಸುವುದಷ್ಟೇ ಈ ವಾರದ ಕೆಲಸ. ತುಂಬುವ ಯಂತ್ರವನ್ನು ಈ ವಾರ ಮುಟ್ಟುವುದಿಲ್ಲ. ಎರಡು ಕೆಲಸಗಳನ್ನು ಒಟ್ಟಿಗೆ ಮಾಡಲು ಹೊರಟರೆ ಕಣ್ಣು ಅವಸರಪಡುತ್ತದೆ.

ಮೊದಲು ಹಳದಿ ಬಣ್ಣದವನ್ನು ಬೇರೆ ಮಾಡಿದೆ. ಒಂಬತ್ತು ಸಿಕ್ಕವು, ಎಲ್ಲವೂ 20 ಗೇಜಿನವು (ಗೇಜ್ ಎಂದರೆ ನಳಿಕೆಯ ಅಗಲದ ಅಳತೆ; ಸಂಖ್ಯೆ ಹೆಚ್ಚಿದಷ್ಟೂ ಅಗಲ ಕಡಿಮೆ). ಆ ಅಳತೆಗೆ ಹಳದಿ ಬಣ್ಣ ರೂಢಿಗೆ ಬಂದಿರುವುದು ಅಂದಕ್ಕಾಗಿ ಅಲ್ಲ. 12 ಗೇಜಿನ ಕೋವಿಗೆ 20ರ ತೋಟಾ ಹಾಕಿದರೆ ಅದು ಒಳಕ್ಕೆ ಜಾರಿ, ಸುಮಾರು 18.5 ಮಿಲಿಮೀಟರ್ ಅಗಲದ ನಳಿಕೆ ಶುರುವಾಗುವ ಇಕ್ಕಟ್ಟಿನಲ್ಲಿ ಸಿಕ್ಕಿಕೊಳ್ಳುತ್ತದೆ. ಕೋವಿ ಖಾಲಿ ಇದೆಯೆಂದು ಭಾವಿಸಿ ಅದರ ಹಿಂದೆ 12ರ ತೋಟಾ ಹಾಕಿ ಸಿಡಿಸಿದರೆ ನಳಿಕೆಯೇ ಒಡೆಯುತ್ತದೆ. ಹಾಗಾಗಿ ಈ ಒಂಬತ್ತನ್ನು ಇನ್ನೊಂದು ಡಬ್ಬಿಗಲ್ಲ, ಇನ್ನೊಂದು ಕೋಣೆಗೇ ಸಾಗಿಸಿದೆ.

ಉಳಿದವು 403.

ಎರಡನೆಯ ದಿನ

ಇಂದು ಜಾತಿವಾರು ವಿಂಗಡಣೆ. ಬಣ್ಣ, ಬುಡಕ್ಕೆ ಸುತ್ತಿದ ಹಿತ್ತಾಳೆಯ ಎತ್ತರ, ಬುಡದ ಮೇಲಿನ ಮುದ್ರೆ ನೋಡಿ ಗುಂಪು ಮಾಡಿದೆ. ಪ್ರತಿ ಗುಂಪಿನಿಂದ ಒಂದನ್ನು ತೆಗೆದು, ಸಿಡಿದ ಪ್ರೈಮರ್ (ಬುಡದ ನಡುವೆ ಕೂತು ಮದ್ದಿಗೆ ಕಿಡಿ ಹೊತ್ತಿಸುವ ಪುಟ್ಟ ಬಟ್ಟಲು) ಹೊರದೂಡಿ, ಸಣ್ಣ ಗರಗಸದಿಂದ ಉದ್ದಕ್ಕೆ ಸೀಳಿದೆ. ಒಂದು ತೋಟಾ ಹಾಳಾದರೂ ಇದನ್ನು ಎಲ್ಲರೂ ಒಮ್ಮೆ ಮಾಡಿ ನೋಡಬೇಕು. ಹೊರಗಿನಿಂದ ಅಣ್ಣತಮ್ಮಂದಿರಂತೆ ಕಾಣುವವು ಒಳಗೆ ಪೂರ್ತಿ ಬೇರೆಯಾಗಿರುತ್ತವೆ. ಕೆಲವು ಒಂದೇ ಪ್ಲಾಸ್ಟಿಕ್ ತುಂಡಿನಿಂದ ಒತ್ತಿ ರೂಪಿಸಿದವು. ಗೋಡೆ ಬುಡದ ಕಡೆಗೆ ದಪ್ಪವಾಗುತ್ತಾ ಹೋಗುತ್ತದೆ. ಇನ್ನು ಕೆಲವು ನೇರ ಕೊಳವೆಗಳು. ತಳದಲ್ಲಿ ಪ್ಲಾಸ್ಟಿಕ್ ಅಥವಾ ಒತ್ತಿದ ಕಾಗದದ ಬೇರೆ ಬಿಲ್ಲೆಯೊಂದನ್ನು ಕೂರಿಸಿರುತ್ತಾರೆ. ಅದನ್ನು ಬೇಸ್ ವಾಡ್ ಎನ್ನುತ್ತಾರೆ.

ಆ ಬಿಲ್ಲೆಯ ಎತ್ತರವೇ ಒಳಗಿನ ಜಾಗವನ್ನು ನಿರ್ಧರಿಸುತ್ತದೆ. ಮರದ ಕಡ್ಡಿಯೊಂದನ್ನು ಇಳಿಸಿ, ಬಾಯಿಯ ಮಟ್ಟಕ್ಕೆ ಪೆನ್ಸಿಲ್ ಗುರುತು ಹಾಕಿ ಹೋಲಿಸಿದೆ. ಒಂದೇ ಕೆಂಪು, ಒಂದೇ ಉದ್ದದ ಎರಡು ಗುಂಪುಗಳ ಆಳದಲ್ಲಿ ಐದು ಮಿಲಿಮೀಟರ್ ಅಂತರ! ಅದೇ ಮದ್ದು, ಅದೇ ಚರೆ, ಆದರೆ ಜಾಗ ಕಡಿಮೆ ಎಂದಾದರೆ ಒತ್ತಡ ಏರುತ್ತದೆ. 70 ಮಿಲಿಮೀಟರಿನ 12 ಗೇಜ್ ತೋಟಾಕ್ಕೆ ಅಮೆರಿಕದ ಮಾನದಂಡ ಹಾಕಿರುವ ಗರಿಷ್ಠ ಒತ್ತಡದ ಮಿತಿ 11,500 ಪಿಎಸ್‌ಐ (ಚದರ ಇಂಚಿಗೆ ಅಷ್ಟು ಪೌಂಡ್). ತಯಾರಕರು ಪ್ರಕಟಿಸುವ ಕೋಷ್ಟಕಗಳು ತೋಟಾದ ಹೆಸರು, ಪ್ರೈಮರ್, ಮದ್ದು, ವಾಡ್ (ಮದ್ದು ಮತ್ತು ಚರೆಯ ನಡುವಿನ ಬಿರಡೆ), ಚರೆಯ ತೂಕ ಎಲ್ಲವನ್ನೂ ಸೇರಿಸಿಯೇ ಒಂದು ಪಾಕವೆಂದು ಕೊಡುವುದು ಇದೇ ಕಾರಣಕ್ಕೆ. ಯಾವ ಜಾತಿ ಎಂದು ಗುರುತಿಸಲಾಗದ ತೋಟಾಕ್ಕೆ ಪಾಕವೇ ಇಲ್ಲ.

ಗುರುತು ಸಿಗದವು, ಸೀಳಿದ ಮಾದರಿಗಳು ಸೇರಿ ಹೋದದ್ದು 61. ಗುರುತು ಸಿಗದವುಗಳಲ್ಲಿ ಹತ್ತಿಪ್ಪತ್ತು ಹೊಸದರಂತೆ ಹೊಳೆಯುತ್ತಿದ್ದವು, ಎಸೆಯುವಾಗ ಸಂಕಟವಾಯಿತು. ಎಸೆದೆ. ಉಳಿದವು 342.

ಮೂರನೆಯ ದಿನ

ಬಾಯಿಯ ಪರೀಕ್ಷೆ. ಇದು ಸುಲಭ, ಆದರೆ ಬಹಳ ಹೊತ್ತು ಹಿಡಿಯುತ್ತದೆ. ಬಾಯಿ ಮುಚ್ಚಲು ಒಳಕ್ಕೆ ಮಡಚಿದ ಮಡಿಕೆಗಳು ಆರೋ ಎಂಟೋ ಎಂದು ಎಣಿಸಿ ಬೇರೆ ಬೇರೆ ಇಟ್ಟೆ. ಹಳೆಯ ಮಡಿಕೆಯ ನೆನಪು ಪ್ಲಾಸ್ಟಿಕ್ಕಿನಲ್ಲಿ ಉಳಿದಿರುತ್ತದೆ. ಎಂಟರದಕ್ಕೆ ಆರರ ಅಚ್ಚು ಒತ್ತಿದರೆ ಬಾಯಿ ಸರಿಯಾಗಿ ಮುಚ್ಚುವುದಿಲ್ಲ.

ಬೆಳಕಿಗೆ ಹಿಡಿದು ತಿರುಗಿಸಿದರೆ ಮಡಿಕೆಯ ಮೂಲೆಯಲ್ಲಿ ಸೂಜಿಮೊನೆಯಷ್ಟು ತೂತುಗಳು ಕಾಣುತ್ತವೆ. ಬೆರಳುಗಳ ನಡುವೆ ಬಾಯಿಯನ್ನು ಅದುಮಿ ಬಿಟ್ಟರೆ ಗಟ್ಟಿ ತೋಟಾ ಪುಟಿದು ದುಂಡಗಾಗುತ್ತದೆ, ಸವೆದದ್ದು ಜೋತು ಬೀಳುತ್ತದೆ. ಮಡಿಕೆಯಲ್ಲಿ ಚಿಕ್ಕ ಸೀಳಿದ್ದರೂ ಇನ್ನೊಂದು ಸುತ್ತು ಬಳಸುವವರಿದ್ದಾರೆ. ನಾನು ಬಳಸುವುದಿಲ್ಲ. ಮುಚ್ಚಳ ಸಡಿಲವಾದರೆ ಮದ್ದು ಸರಿಯಾಗಿ ಉರಿಯುವುದಿಲ್ಲ, ಚರೆಯೂ ಸೋರುತ್ತದೆ. ಕಾಲಡಿಗೆ ಸಿಕ್ಕು ಚಪ್ಪಟೆಯಾದವು, ಒಳಗೆ ಕೆಸರು ಒಣಗಿ ಅಂಟಿದವು, ಗೋಡೆಯಲ್ಲಿ ಸುಟ್ಟ ತೂತಿರುವವು ಎಲ್ಲವೂ ಇಂದೇ ಹೊರಬಿದ್ದವು.

ಹೋದದ್ದು 97. ಉಳಿದದ್ದು 245.

ನಾಲ್ಕನೆಯ ದಿನ

ಈ ದಿನಕ್ಕಾಗಿಯೇ ಇಡೀ ವಾರ ಮೀಸಲಿಟ್ಟಿದ್ದೆ. ಕಳೆದ ವರ್ಷದವರೆಗೆ ನನ್ನ ಪರೀಕ್ಷೆ ಬಾಯಿಯಲ್ಲೇ ಮುಗಿಯುತ್ತಿತ್ತು. ಒಂದು ಬೆಳಿಗ್ಗೆ ನಾನೇ ತುಂಬಿದ ತೋಟಾವೊಂದು ಎಂದಿನಂತೆ ಗುಡುಗದೆ ಬುಸ್ಸೆಂದಿತು. ಕೋವಿಯನ್ನು ಇಳಿಸಿ, ತೆರೆದು, ತೋಟಾಗಳನ್ನೆಲ್ಲ ತೆಗೆದು ನಳಿಕೆಯಲ್ಲಿ ಕಣ್ಣಾಡಿಸಿದರೆ ಬೆಳಕೇ ಬರುತ್ತಿರಲಿಲ್ಲ. ಸರಳು ಹಾಕಿ ತಳ್ಳಿದಾಗ ಹೊರಬಿದ್ದದ್ದು ಬೇಸ್ ವಾಡ್. ತೋಟಾದ ತಳದಿಂದ ಕಳಚಿ ಚರೆಯ ಹಿಂದೆ ಹೊರಟು ಅರ್ಧ ದಾರಿಯಲ್ಲಿ ಕೂತಿತ್ತು. ಸದ್ದಿನ ವ್ಯತ್ಯಾಸವನ್ನು ಲೆಕ್ಕಿಸದೆ ಎರಡನೆಯ ಗುಂಡು ಹಾರಿಸಿದ್ದರೆ ಎಡಗೈ ಉಳಿಯುತ್ತಿರಲಿಲ್ಲ. ಆ ತೋಟಾದ ಬಾಯಿಯಲ್ಲಿ ಒಂದು ಗೀರೂ ಇರಲಿಲ್ಲ.

ಆದ್ದರಿಂದ ಈಗ 245ನ್ನೂ ಒಂದೊಂದಾಗಿ ನೋಡಿದೆ. ಸಣ್ಣ ಟಾರ್ಚ್ ಬೆಳಕು ತಳಕ್ಕೆ ಬಿಡಬೇಕು. ಬಿಲ್ಲೆ ಮಟ್ಟಸವಾಗಿ ಕೂತಿದೆಯೇ, ಅಂಚು ಮೇಲೆದ್ದಿದೆಯೇ, ಸುತ್ತ ಕಪ್ಪು ಗೆರೆ ಇದೆಯೇ, ನಡುವಿನ ತೂತಿನ ಸುತ್ತ ಪ್ಲಾಸ್ಟಿಕ್ ಕರಗಿದೆಯೇ? ಆಮೇಲೆ ಚಪ್ಪಟೆ ತುದಿಯ ಕಡ್ಡಿಯಿಂದ ಅಂಚನ್ನು ಒತ್ತಿ, ಓರೆಯಾಗಿ ಮೀಟಬೇಕು. ಕದಲಿದರೆ ಅದರ ಆಯಸ್ಸು ಮುಗಿಯಿತು. ಒತ್ತಿದ ಕಾಗದದ ಬಿಲ್ಲೆಗಳಲ್ಲಿ ತೇವದ ಕುರುಹೂ ನೋಡಬೇಕು. ನೀರು ಕುಡಿದು ಉಬ್ಬಿ ಒಣಗಿದ ಕಾಗದ ಮತ್ತೆ ಹಿಡಿತ ಕಾಣುವುದಿಲ್ಲ. ಸಂದೇಹ ಬಂದಲ್ಲಿ ಎರಡನೆಯ ದಿನದ ಗುರುತಿನ ಕಡ್ಡಿಯನ್ನು ಮತ್ತೆ ಇಳಿಸಿದೆ. ತನ್ನ ಗುಂಪಿನ ಗುರುತಿಗಿಂತ ಆಳ ಒಂದು ಮಿಲಿಮೀಟರ್ ಕಡಿಮೆಯಾಗಿದ್ದರೂ ಬಿಲ್ಲೆ ಮೇಲಕ್ಕೆ ಸರಿದಿದೆ ಎಂದೇ ಅರ್ಥ ಮಾಡಿಕೊಂಡೆ.

ಮೂರು ಗಂಟೆ ಹಿಡಿಯಿತು. ತೆಗೆದದ್ದು 38, ಒಂದನ್ನು ಬಿಡದೆ ಎಲ್ಲವೂ ಅಂದದ ಬಾಯಿಯವು. ಪ್ರತಿಯೊಂದನ್ನೂ ಕತ್ತರಿಯಿಂದ ಅಡ್ಡಕ್ಕೆ ಕತ್ತರಿಸಿದ ಮೇಲೆಯೇ ಕಸಕ್ಕೆ ಹಾಕಿದೆ, ಮತ್ತೆ ಯಾರ ಕೈಗೂ ಸಿಗಬಾರದು. ಉಳಿದವು 207.

ಐದನೆಯ ದಿನ

ಹಿತ್ತಾಳೆ ಬುಡ. ಆಯಸ್ಕಾಂತ ಹಿಡಿದರೆ ಅರ್ಧಕ್ಕಿಂತ ಹೆಚ್ಚು ಅಂಟಿಕೊಂಡವು, ಅಂದರೆ ಹಿತ್ತಾಳೆ ಲೇಪಿಸಿದ ಉಕ್ಕು. ಉಕ್ಕಿನ ಬುಡ ಉಬ್ಬಿದರೆ ಹಳೆಯ ಅಳತೆಗೆ ಮರಳಿಸುವುದು ಕಷ್ಟ. ಅವನ್ನು ಪ್ರತ್ಯೇಕ ಡಬ್ಬಿಗೆ ಹಾಕಿದೆ. ಅಂಚು ಬಾಗಿದವು, ಬುಡದ ಪಕ್ಕದಲ್ಲಿ ಬಿರುಕಿದ್ದವು ಹೋದವು. ಪ್ರೈಮರ್ ಕೂರುವ ಗುಳಿಯ ಸುತ್ತ ಮಸಿ ಹರಡಿದ್ದರೆ ಅನಿಲ ಹಿಂದಕ್ಕೆ ಸೋರಿದೆ ಎಂದರ್ಥ. ಹಳೆಯ ಪ್ರೈಮರನ್ನು ಹೊರದೂಡುವಾಗ ಕೈಗೆ ತಡೆ ಸಿಗಬೇಕು; ಬೆರಳ ತುದಿಗೇ ಉದುರಿದರೆ ಹೊಸದೂ ಅಲ್ಲಿ ನಿಲ್ಲುವುದಿಲ್ಲ. ಇಲ್ಲಿ 16 ಹೋದವು.

ಕೊನೆಗೆ ಉಳಿದದ್ದು 191. ಒಂದೊಂದು ಜಾತಿಗೂ ಒಂದೊಂದು ಡಬ್ಬಿ, ಮುಚ್ಚಳದ ಮೇಲೆ ಹೆಸರು, ಮಡಿಕೆಯ ಸಂಖ್ಯೆ, ಆಳದ ಅಳತೆ ಬರೆದಿದ್ದೇನೆ. ತುಂಬಿದ ಪ್ರತಿ ಬಾರಿಗೂ ಬುಡದ ಮೇಲೆ ಶಾಯಿಯ ಒಂದು ಚುಕ್ಕೆ ಇಡುವ ಕ್ರಮವನ್ನು ಈ ಸಲದಿಂದ ಶುರುಮಾಡುತ್ತೇನೆ. ಸೀಳಿದ ಮಾದರಿಗಳನ್ನು ಎಸೆಯಲಿಲ್ಲ. ಮೇಜಿನ ಎದುರಿನ ಹಲಗೆಗೆ ಸಾಲಾಗಿ ಅಂಟಿಸಿದ್ದೇನೆ, ಟಾರ್ಚನ್ನು ಅದರ ಪಕ್ಕದಲ್ಲೇ ನೇತುಹಾಕಿದ್ದೇನೆ.