ಹತ್ತುವುದು ಕಾಲಲ್ಲಿ, ಇಳಿಯುವುದು ನೀರಲ್ಲಿ: ಕನೂ ಸುತ್ತಿನ ದಿಕ್ಕು ಆರಿಸುವ ಲೆಕ್ಕ

ಕಾಡಿನ ಸರೋವರಗಳ ನಡುವೆ ಆರೇಳು ದಿನದ ಕನೂ (ಹೊತ್ತು ನಡೆಯಬಹುದಾದ ಹಗುರ ದೋಣಿ) ಸುತ್ತು ಹೊಡೆಯಲು ಗುಂಪು ಕಟ್ಟಿಕೊಂಡು ಹೋಗುವ ನಮ್ಮ ಕೆಲಸದಲ್ಲಿ ದೋಣಿ, ಟೆಂಟು, ಊಟದ ಪಟ್ಟಿ ಎಲ್ಲಕ್ಕೂ ಮುಂಚೆ ಒಂದು ಪ್ರಶ್ನೆ ತೀರ್ಮಾನವಾಗಬೇಕು: ಪ್ರದಕ್ಷಿಣೆಯೋ, ಅಪ್ರದಕ್ಷಿಣೆಯೋ? ಹೊರಟಲ್ಲಿಗೇ ಬಂದು ಸೇರುವ ಸುತ್ತು ತಾನೆ, ಯಾವ ಕಡೆಯಿಂದ ಹೋದರೇನು ಅನ್ನಿಸುವುದು ಸಹಜ. ಹತ್ತಿದಷ್ಟು ಇಳಿಯಲೇಬೇಕು, ಆ ಮೊತ್ತ ಯಾವ ದಿಕ್ಕಿಗೆ ಹೋದರೂ ಒಂದೇ, ನಿಜ. ಆದರೆ ಎಲ್ಲಿ ಹತ್ತುತ್ತೀರಿ ಅನ್ನುವುದು ದಿಕ್ಕಿನ ಮೇಲೆ ನಿಂತಿದೆ. ದೋಣಿ ಹೊತ್ತು ಕಾಲುದಾರಿಯಲ್ಲಿ ಹತ್ತಿ, ಹೊಳೆಯಲ್ಲಿ ತೇಲಿ ಇಳಿಯಬಹುದು. ಇಲ್ಲವೇ ಹೊಳೆಗೆ ಎದುರಾಗಿ ಹುಟ್ಟು ಹಾಕಿ ಹತ್ತಿ, ಕಾಲುದಾರಿಯಲ್ಲಿ ಇಳಿಯಬಹುದು. ಬೇರೆ ಅಡ್ಡಿಯಿಲ್ಲದಿದ್ದರೆ ನಮ್ಮ ಆಯ್ಕೆ ಮೊದಲನೆಯದು.

ನಕ್ಷೆ ಬಿಚ್ಚಿದೊಡನೆ ಮಾಡುವ ಕೆಲಸ ಸರೋವರಗಳ ನೀರಿನ ಮಟ್ಟವನ್ನು ಸುತ್ತಿನ ಕ್ರಮದಲ್ಲಿ ಬರೆದುಕೊಳ್ಳುವುದು. ಮಟ್ಟ ಅಚ್ಚಾಗಿರದಿದ್ದರೆ ದಡಕ್ಕೆ ಹತ್ತಿರದ ಕಾಂಟೂರ್ ಗೆರೆ (ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆ) ನೋಡಿ ಅಂದಾಜು ಮಾಡಿಕೊಳ್ಳಬಹುದು. ಉದಾಹರಣೆಗೆ 412, 418, 431, 424, ಮತ್ತೆ 412 ಮೀಟರ್ ಅಂತಿಟ್ಟುಕೊಳ್ಳಿ. 431ರಿಂದ 424ಕ್ಕೆ ಇಳಿಯುವ 7 ಮೀಟರ್ 6 ಕಿಲೋಮೀಟರ್ ಹೊಳೆಯಲ್ಲಿ ಹರಡಿಕೊಂಡಿದ್ದರೆ ಅದು ದೋಣಿ ಹೋಗುವ ನೀರು, ಅಲ್ಲಲ್ಲಿ ಕಲ್ಲಿನ ಮೇಲೆ ಗುಳುಗುಳು ಅನ್ನುವ ತೆಳು ಹರಿವು ಸಿಗಬಹುದು. 424ರಿಂದ 412ಕ್ಕೆ ಅರ್ಧ ಕಿಲೋಮೀಟರಿನಲ್ಲೇ 12 ಮೀಟರ್ ಇಳಿತವಿದ್ದರೆ ಅದು ಜಲಪಾತವೋ, ಕಲ್ಲುಗಳ ನಡುವೆ ನೀರು ರಭಸವಾಗಿ ಧುಮುಕುವ ರ್‍ಯಾಪಿಡ್ಡೋ ಆಗಿರುತ್ತದೆ. ಅಲ್ಲಿ ಪೋರ್ಟೇಜ್ ಖಂಡಿತ, ಅಂದರೆ ದೋಣಿ, ಸಾಮಾನು ಎರಡನ್ನೂ ಹೊತ್ತು ನಡೆಯುವ ದಾರಿ. ಈ ಐದಾರು ಅಂಕಿಗಳಲ್ಲೇ ಅರ್ಧ ತೀರ್ಮಾನ ಆಗಿಹೋಗುತ್ತದೆ.

ಸೆಳವಿನ ಲೆಕ್ಕದಲ್ಲಿ ಹೊಸಬರು ಎಡವುವುದು ಒಂದೇ ಕಡೆ. ‘ಹೋಗುವಾಗ ಕಳೆದುಕೊಂಡದ್ದು ಬರುವಾಗ ಸಿಗುತ್ತದೆ’ ಅಂದುಕೊಳ್ಳುತ್ತಾರೆ. ತುಂಬಿದ ದೋಣಿ ನಿಂತ ನೀರಿನಲ್ಲಿ ಗಂಟೆಗೆ 5 ಕಿಲೋಮೀಟರ್ ಹೋಗುತ್ತದೆ, ಹೊಳೆಯ ಸೆಳವು 3 ಅಂತಿಟ್ಟುಕೊಳ್ಳಿ. ಮೇಲಿನ 6 ಕಿಲೋಮೀಟರ್ ನಿಂತ ನೀರಾಗಿದ್ದರೆ 72 ನಿಮಿಷ. ಸೆಳವಿನ ಜೊತೆ ಹೋದರೆ 45 ನಿಮಿಷ, ಎದುರು ಹೋದರೆ 3 ಗಂಟೆ. ಜೊತೆಗಿದ್ದಾಗ ಉಳಿಯುವುದು 27 ನಿಮಿಷ, ಎದುರಿದ್ದಾಗ ಹೋಗುವುದು 108 ನಿಮಿಷ. ಇದೂ ಕೈ ಬಿಡದೆ ಹುಟ್ಟು ಹಾಕಿದರೆ ಮಾತ್ರ: ನೀರು ಕುಡಿಯಲು ಐದು ನಿಮಿಷ ಹುಟ್ಟು ನಿಲ್ಲಿಸಿದರೆ ದೋಣಿ 250 ಮೀಟರ್ ಹಿಂದಕ್ಕೆ. ತೆಳು ಹರಿವು ಸಿಕ್ಕಲ್ಲೆಲ್ಲ ಇಳಿದು, ದೋಣಿಯ ಎರಡೂ ತುದಿಗೆ ಹಗ್ಗ ಕಟ್ಟಿ ದಡದಿಂದ ಎಳೆಯಬೇಕು. ಜಾರುವ ಕಲ್ಲಿನ ಮೇಲೆ ಕಾಲು ಉಳುಕುವುದು ಅಂಥ ಜಾಗದಲ್ಲೇ.

ಕೆನಡಾದ ಬ್ರಿಟಿಷ್ ಕೊಲಂಬಿಯಾದ ಬೌರನ್ ಲೇಕ್ ಪಾರ್ಕಿನ 116 ಕಿಲೋಮೀಟರ್ ಸುತ್ತು ಇದಕ್ಕೆ ಒಳ್ಳೆಯ ಪಾಠ. ಅಲ್ಲಿ ಸುತ್ತುವುದು ಪ್ರದಕ್ಷಿಣೆಯಾಗಿ. ಶುರುವಿನಲ್ಲೇ 2.4, 2, 1.6 ಕಿಲೋಮೀಟರಿನ ಮೂರು ಪೋರ್ಟೇಜ್ ಎದುರಾಗುತ್ತವೆ, ಅದೂ ಊಟದ ಚೀಲ ಪೂರ್ತಿ ತುಂಬಿರುವಾಗ. ಮೇಲ್ನೋಟಕ್ಕೆ ಇದು ತಲೆಕೆಳಗಾದ ಯೋಜನೆ. ಆದರೆ ಆ ನಡಿಗೆ ಮುಗಿಸಿದರೆ 38 ಕಿಲೋಮೀಟರಿನ ಐಸಾಕ್ ಲೇಕ್, ಅದರ ತುದಿಯಲ್ಲಿ ಐಸಾಕ್ ನದಿ, ಆಮೇಲೆ ಕ್ಯಾರಿಬೂ ನದಿ ಎರಡರ ಸೆಳವೂ ನಿಮ್ಮ ಜೊತೆ. ಐಸಾಕ್ ನದಿಯ ಮೊದಲ ರಭಸಕ್ಕೆ ‘ಶೂಟ್’ ಅಂತಲೇ ಹೆಸರು, ಅದಕ್ಕೆ ಎದುರಾಗಿ ತುಂಬಿದ ದೋಣಿ ಹತ್ತಿಸುವ ಮಾತೇ ಇಲ್ಲ. ಹೊರೆಯ ಲೆಕ್ಕ, ಸೆಳವಿನ ಲೆಕ್ಕ ಒಂದಕ್ಕೊಂದು ಎದುರಾದಾಗ ಸೆಳವೇ ಗೆಲ್ಲುತ್ತದೆ.

ಆದರೂ ‘ಸೆಳವಿನ ಜೊತೆ’ ಅನ್ನುವುದಕ್ಕೆ ಒಂದು ದೊಡ್ಡ ಅಪವಾದವಿದೆ: ಮಂಜು ಕರಗಿ ಹೊಳೆ ತುಂಬಿರುವ ಕಾಲ. ಜಲಪಾತ ತಪ್ಪಿಸುವ ಪೋರ್ಟೇಜಿಗೆ ಎರಡು ತುದಿ. ಕೆಳಗಿನಿಂದ ಬಂದರೆ ಜಲಪಾತದ ಬುಡದ ಮಡುವಿನಲ್ಲಿ ದಡ ಹತ್ತುತ್ತೀರಿ, ತಪ್ಪಿದರೆ ಸೆಳವು ನಿಮ್ಮನ್ನು ಅಪಾಯದಿಂದ ದೂರಕ್ಕೇ ತಳ್ಳುತ್ತದೆ. ಮೇಲಿನಿಂದ ಬಂದರೆ ಜಲಪಾತದ ಅಂಚಿಗೆ ಕೆಲವೇ ಮೀಟರ್ ಮುಂಚೆ ದಡ ಹಿಡಿಯಬೇಕು, ತಪ್ಪಿದರೆ ಎರಡನೇ ಅವಕಾಶವಿಲ್ಲ. ನೀರು ಹೆಚ್ಚಿದಾಗ ಆ ದಡವೇ ಮುಳುಗಿ ಬರೀ ಪೊದೆ ಕಾಣುವುದೂ ಉಂಟು.

ಹಾಗೆ ಮೇಲಿನಿಂದ ಇಳಿಯುವುದೇ ಆದರೆ, ದಾರಿ ಹೊಳೆಯ ಎಡಕ್ಕಿದೆಯೋ ಬಲಕ್ಕಿದೆಯೋ ಎಂದು ನಕ್ಷೆಯಲ್ಲಿ ಮೊದಲೇ ಗುರುತು ಮಾಡಿಕೊಂಡು, ಕನಿಷ್ಠ 200 ಮೀಟರ್ ಮುಂಚೆಯೇ ಆ ದಡಕ್ಕೆ ಅಂಟಿಕೊಂಡು ಬನ್ನಿ. ದೋಣಿಯ ಮೂತಿ, ಅಂದರೆ ಮುಂತುದಿ, ಕೆಳಮುಖವಾಗಿಯೇ ಇಟ್ಟುಕೊಂಡು ದಡಕ್ಕೆ ಗುದ್ದಬೇಡಿ. ಮೂತಿ ದಡಕ್ಕೆ ತಾಗಿ ನಿಲ್ಲುತ್ತದೆ, ಹಿಂತುದಿ ಸೆಳವಿಗೆ ಸಿಕ್ಕಿ ಹೊರಕ್ಕೆ ತಿರುಗುತ್ತದೆ, ದೋಣಿ ಅಡ್ಡವಾಗುತ್ತದೆ. ಮುಂದಿನವರು ಕೊಂಬೆ ಹಿಡಿದುಕೊಂಡರಂತೂ ಮಗುಚುವುದು ಇನ್ನೂ ಬೇಗ. ದಡದ ಹತ್ತಿರ ಬಂದಮೇಲೆ ಮೊದಲು ದೋಣಿಯನ್ನು ಪೂರ್ತಿ ತಿರುಗಿಸಿ ಮೂತಿಯನ್ನು ಸೆಳವಿಗೆ ಎದುರಿಟ್ಟು, ಹುಟ್ಟು ಹಾಕುತ್ತಲೇ ಓರೆಯಾಗಿ ದಡಕ್ಕೆ ಜಾರಿಸಿ. ಗುಂಪಿಗೆ ಈ ತಿರುವು ನಿಂತ ನೀರಿನಲ್ಲೇ ಸಲೀಸಾಗಿ ಬರದಿದ್ದರೆ, ತುಂಬಿದ ಹೊಳೆಯ ಕಾಲದಲ್ಲಿ ಸುತ್ತಿನ ಇನ್ನೊಂದು ದಿಕ್ಕೋ, ಬೇರೆ ಸುತ್ತೋ, ಎರಡು ವಾರ ತಡವೋ, ಯಾವುದಾದರೂ ಸರಿ.

ಗಾಳಿಯನ್ನು ಎಲ್ಲರೂ ಮೊದಲು ಕೇಳುತ್ತಾರೆ, ನಾವು ಮೂರನೆಯದಾಗಿ ನೋಡುತ್ತೇವೆ. ಉತ್ತರ ಅಮೆರಿಕದ ಸರೋವರ ನಾಡಿನಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮದ್ದು. ಹಾಗಾಗಿ ದೊಡ್ಡ ಸರೋವರವನ್ನು ಪಶ್ಚಿಮದಿಂದ ಪೂರ್ವಕ್ಕೆ ದಾಟಿದರೆ ಬೆನ್ನಿಗೆ ಗಾಳಿ ಸಿಗುತ್ತದೆ ಅನ್ನುವುದು ಸರಿಯೇ. ಬೆನ್ನಿನ ಗಾಳಿಗೆ ಒಂದು ಮೋಸವಿದೆ, ಅಷ್ಟೇ. ಗಾಳಿ ಹೊರಡುವ ದಡದಲ್ಲಿ ನೀರು ಕನ್ನಡಿಯ ಹಾಗಿರುತ್ತದೆ. ತೆರೆದ ನೀರು ಉದ್ದವಾದಷ್ಟೂ ಅಲೆ ಬೆಳೆಯುತ್ತದೆ. ಮೂರು ಕಿಲೋಮೀಟರ್ ಮುಂದೆ ಹೋದಮೇಲೆ ಹಿಂದಿನಿಂದ ಬರುವ ಅಲೆ ಹಿಂತುದಿಯನ್ನು ಎತ್ತಿ ಪಕ್ಕಕ್ಕೆ ತಳ್ಳಲು ಶುರು ಮಾಡುತ್ತದೆ, ಆಗ ಹಿಂದಿರುಗುವುದೆಂದರೆ ಎದುರುಗಾಳಿ. ಎದುರುಗಾಳಿಯಲ್ಲಿ ಹೊರಡುವವರಿಗೆ ಮಾತ್ರ ಕೆಟ್ಟ ಅಲೆ ಮೊದಲೇ ಕಣ್ಣೆದುರು ಇರುತ್ತದೆ, ಬೇಡ ಅನ್ನಿಸಿದರೆ ಹೊರಡುವುದೇ ಇಲ್ಲ. ಬಿಳಿ ನೊರೆ ಅಲ್ಲಲ್ಲಿ ಏಳಲು ಶುರುವಾದರೆ ನಡುನೀರು ದಾಟುವುದು ನಿಲ್ಲಿಸಿ, ದಡ ಹಿಡಿದು ಹೋಗಿ. ಬೆನ್ನಿಗೆ ಗಾಳಿಯಿದ್ದಾಗ ಭಾರದ ಚೀಲ ಸ್ವಲ್ಪ ಹಿಂದಕ್ಕೆ, ಎದುರಿದ್ದಾಗ ಸ್ವಲ್ಪ ಮುಂದಕ್ಕೆ.

ಗಾಳಿಯ ದಿಕ್ಕಿಗಿಂತ ದೊಡ್ಡ ಸರೋವರ ಯಾವ ದಿನ, ಯಾವ ಹೊತ್ತಿಗೆ ಬರುತ್ತದೆ ಅನ್ನುವುದು ಮುಖ್ಯ. ಬೇಸಿಗೆಯಲ್ಲಿ ಬೆಳಗಿನ ಜಾವ ಸಾಮಾನ್ಯವಾಗಿ ಗಾಳಿ ಕಡಿಮೆ, ಮಧ್ಯಾಹ್ನಕ್ಕೆ ಜೋರು. ಆದ್ದರಿಂದ ದೊಡ್ಡ ಸರೋವರದ ದಡದಲ್ಲೇ ರಾತ್ರಿ ತಂಗಿ ಬೆಳಗಾಗುತ್ತಲೇ ದಾಟುವ ಹಾಗೆ ದಿನಗಳು ಬೀಳುವ ದಿಕ್ಕು ಒಳ್ಳೆಯದು. ದೊಡ್ಡ ಸರೋವರ ಕೊನೆಯ ದಿನಕ್ಕೆ ಬೀಳುವ ದಿಕ್ಕನ್ನು ನಾವು ಸಾಧ್ಯವಾದಷ್ಟೂ ಕೈಬಿಡುತ್ತೇವೆ. ಆಚೆ ದಡದಲ್ಲಿ ವಾಹನ ಕಾಯುತ್ತಿದೆ, ಮಾರನೇ ದಿನ ಕೆಲಸಕ್ಕೆ ಹೋಗಬೇಕು ಅಂತಾದಾಗ ನೊರೆ ಎಷ್ಟೇ ಎದ್ದಿದ್ದರೂ ‘ನೋಡೋಣ’ ಅನ್ನುವ ಮಾತು ಬಂದೇ ಬರುತ್ತದೆ.

ಹೊರೆಯ ವಿಚಾರ ಕಿಲೋ ಲೆಕ್ಕದಲ್ಲಲ್ಲ, ಎಷ್ಟು ಸಲ ಓಡಾಡುತ್ತೀರಿ ಅನ್ನುವ ಲೆಕ್ಕದಲ್ಲಿ ಯೋಚಿಸಿ. ಮೂವರಿಗೆ ಏಳು ದಿನ, ತಲೆಗೆ ದಿನಕ್ಕೆ 750 ಗ್ರಾಂ ಒಣ ಆಹಾರ ಅಂದರೆ 15.75 ಕಿಲೋ. ಆರನೇ ದಿನ ಬೆಳಿಗ್ಗೆ ಉಳಿದಿರುವುದು 4.5 ಕಿಲೋ. ಇದರಿಂದ ಒಂದು ಚೀಲವೇ ಇಲ್ಲವಾಗಿ ಎರಡು ಸಲದ ಬದಲು ಒಂದೇ ಸಲಕ್ಕೆ ಹೊರೆ ಮುಗಿದರೆ, 1.5 ಕಿಲೋಮೀಟರಿನ ಪೋರ್ಟೇಜಿನಲ್ಲಿ ನಡೆಯುವುದು 4.5ರಿಂದ 1.5ಕ್ಕೆ ಇಳಿಯುತ್ತದೆ. ಹಾಗಿದ್ದರೆ ಉದ್ದದ ಪೋರ್ಟೇಜ್ ಕೊನೆಗೆ ಬರುವ ದಿಕ್ಕಿಗೆ ಬೆಲೆಯಿದೆ. ಚೀಲ ಹಗುರಾಗಿಯೂ ಎರಡು ಸಲ ಓಡಾಡಲೇಬೇಕಿದ್ದರೆ ಲಾಭ ಅಷ್ಟಕ್ಕಷ್ಟೇ. ಕಡಿದಾದ ದಾರಿಯನ್ನು ಹತ್ತುವ ಕಡೆಗೆ ಇಟ್ಟುಕೊಳ್ಳುವುದು ಮೇಲು: ದೋಣಿಯ ನಡುವಿನ ಅಡ್ಡಪಟ್ಟಿಯಾದ ನೊಗವನ್ನು ಹೆಗಲಿಗೇರಿಸಿ ದೋಣಿ ತಲೆಯ ಮೇಲಿದ್ದಾಗ ಕಾಣುವುದು ನಾಲ್ಕು ಹೆಜ್ಜೆ ಮುಂದಿನ ನೆಲ ಮಾತ್ರ, ಒದ್ದೆ ಬೇರುಗಳ ಮೇಲೆ ಇಳಿಯುವಾಗ ಮೊಣಕಾಲಿಗೂ ದೋಣಿಯ ಹಿಂತುದಿಗೂ ಪೆಟ್ಟು.

ನಂಬಿಕೆಯಿಲ್ಲದ ತುಣುಕು ಪ್ರತಿ ಸುತ್ತಿನಲ್ಲೂ ಒಂದಿರುತ್ತದೆ: ಬೇಸಿಗೆ ಕೊನೆಗೆ ಬತ್ತುವ ತೊರೆ, ಬೀವರ್ ಎಂಬ ಪ್ರಾಣಿ ಕಟ್ಟಿದ ಕಟ್ಟೆ ಒಡೆದು ಬರೀ ಕೆಸರಾಗಿರುವ ಕುಂಟೆ. ಅದು ಮೊದಲೆರಡು ದಿನದಲ್ಲೇ ಬರಲಿ. ಎರಡನೇ ದಿನ ದಾರಿ ಕಟ್ಟಿದರೆ ಬಂದ ದಾರಿಯಲ್ಲೇ ವಾಪಸ್ಸಾಗಬಹುದು. ಆರನೇ ದಿನ ಕಟ್ಟಿದರೆ ಹಿಂದಕ್ಕೆ ಐದು ದಿನದ ದಾರಿ, ಚೀಲದಲ್ಲಿ ಎರಡು ದಿನದ ಊಟ.

ಕೆಲವು ಕಡೆ ಪರ್ಮಿಟ್ ಮಾಡಿಸುವಾಗಲೇ ದಿಕ್ಕು ಗಟ್ಟಿಯಾಗಿರಬೇಕು. ಅಮೆರಿಕದ ಮಿನೆಸೋಟಾದ ಬೌಂಡರಿ ವಾಟರ್ಸ್ ಕಾಡಿನಲ್ಲಿ ಮೇ 1ರಿಂದ ಸೆಪ್ಟೆಂಬರ್ 30ರವರೆಗೆ ರಾತ್ರಿ ತಂಗುವ ಪರ್ಮಿಟ್ಟಿನಲ್ಲಿ ಒಳಹೋಗುವ ಜಾಗ, ದಿನ ಎರಡೂ ನಿಗದಿ. ಒಳಗೆ ಹೋದಮೇಲೆ ಸಾಮಾನ್ಯವಾಗಿ ಯಾವ ಕಡೆ ತಿರುಗಿದರೂ ಸರಿ. ಆದರೆ ಕೆನಡಾದ ಒಂಟಾರಿಯೊದ ಆಲ್ಗಾಂಕ್ವಿನ್ ಪಾರ್ಕಿನಲ್ಲಿ ಯಾವ ರಾತ್ರಿ ಯಾವ ಸರೋವರ ಎಂದು ಮೊದಲೇ ಕಾದಿರಿಸಬೇಕು, ಅಂದರೆ ಹೊರಡುವ ಬೆಳಿಗ್ಗೆ ಗಾಳಿ ನೋಡಿ ದಿಕ್ಕು ಬದಲಿಸುತ್ತೇವೆ ಅಂದರೆ ಹೆಚ್ಚೆಂದರೆ ಮಧ್ಯದ ಒಂದು ರಾತ್ರಿ ಬಿಟ್ಟು ಉಳಿದೆಲ್ಲ ರಾತ್ರಿಗಳ ಜಾಗವೂ ತಪ್ಪುತ್ತದೆ.