ಬ್ಯಾಟರಿ ಪಂಪು ತಿರುಗುತ್ತದೆ, ನೀರು ಮಾತ್ರ ಮೇಲೆ ಬರುವುದಿಲ್ಲ

ಬಂತು ಮಾರಾಯ್ರೆ, ಕೊನೆಗೂ ನೀರು ಬಂತು. ಪೈಪಿಗೆ ಮೂರು ಎಂಎಂ ತೂತು ಕೊರೆದ ಮೇಲೆ ಬಂತು. ಅಲ್ಲಿಯವರೆಗೆ ಬ್ಯಾಟರಿ, ವೈರು, ರಿಲೇ, ಫ್ಲೋಟು (ನೀರಿನ ಜೊತೆ ಏಳುವ ಸ್ವಿಚ್ಚು) ಅಂತ ಒಂದೊಂದರ ಜಾತಕ ನೋಡಿದ್ದೆಲ್ಲ ದಂಡ.

ಹೊಸಬರಿಗೆ ಎರಡು ಮಾತು. ಇದು ಕರೆಂಟು ಹೋದಾಗ ಒಸರು ನೀರಿನ ಗುಂಡಿ ಖಾಲಿ ಮಾಡಲಿಕ್ಕೆ ಇಟ್ಟ ಬ್ಯಾಟರಿ ಪಂಪಿನ ಕಥೆ, ಕುಡಿಯುವ ನೀರಿನ ಸಂಪ್ ಅಲ್ಲ. ನಮ್ಮದು ಗುಡ್ಡೆ ಕಡಿದು ಕಟ್ಟಿದ ಮನೆ, ಮಂಗಳೂರಿನಲ್ಲಿ ಎಷ್ಟೋ ಮನೆಗಳು ಹಾಗೆಯೇ ಅಲ್ವಾ. ಕಾರು ನಿಲ್ಲಿಸುವ ಕೆಳ ಅಂತಸ್ತಿನ ಹಿಂದುಗಡೆ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲು) ಬರೆ, ಅಂದರೆ ಗುಡ್ಡೆ ಕಡಿದ ಗೋಡೆ. ಜೂನ್ ಮುಗಿಯುವ ಹೊತ್ತಿಗೆ ಅದರಿಂದ ಒಸರು ಶುರುವಾಗುತ್ತದೆ. 2018ರ ಮೇ 29ರ ಮಳೆಗೆ ಊರೆಲ್ಲ ನೀರಾಯಿತಲ್ಲ, ಅದಾದ ಮೇಲೆ ತೋಡಿಸಿದ ಗುಂಡಿ ಇದು. ಎರಡಡಿ ಉದ್ದ, ಎರಡಡಿ ಅಗಲ, ಮೂರಡಿ ಆಳ. ಅದರಲ್ಲಿ ಅರ್ಧ ಎಚ್‌ಪಿಯ ಸಬ್‌ಮರ್ಸಿಬಲ್ ಪಂಪು ಕೂತಿದೆ, ಒಳ್ಳೆಯ ಪ್ರಾಣಿ, ಇವತ್ತಿನವರೆಗೆ ಒಂದು ತಕರಾರಿಲ್ಲ. ತಕರಾರು ಕರೆಂಟಿನದ್ದು. ಗಾಳಿ ಮಳೆ ಜೋರಾದಾಗ, ಅಂದರೆ ಪಂಪು ಬೇಕೇ ಬೇಕು ಅನ್ನುವ ಹೊತ್ತಿಗೆ ಸರಿಯಾಗಿ, ಎಲ್ಲೋ ಒಂದು ಮರ ಲೈನಿನ ಮೇಲೆ ಬೀಳುತ್ತದೆ.

ಇನ್ವರ್ಟರಿಗೇ ಪಂಪು ಕೊಡಬಹುದಲ್ವಾ ಅಂತ ಕೇಳುವವರಿಗೆ: ಆಗುವುದಿಲ್ಲ. ಓಡುವಾಗ ಆರುನೂರು ವ್ಯಾಟ್ ಒಳಗೇ ಇರುತ್ತದೆ, ನಿಜ. ಆದರೆ ಸ್ಟಾರ್ಟ್ ಆಗುವ ಕ್ಷಣದಲ್ಲಿ ಇಂಡಕ್ಷನ್ ಮೋಟಾರು ಅದರ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಫ್ಯಾನು, ಲೈಟಿಗೆ ಅಂತ ಇಟ್ಟ 850 ವಿಎ ಇನ್ವರ್ಟರು ಒಮ್ಮೆ ಕೂಗಿ ಸುಮ್ಮನಾಗುತ್ತದೆ. ಎರಡೂವರೆ ಕೆವಿಎ ಇನ್ವರ್ಟರ್ ತರುವ ಬದಲು ನೇರ 12 ವೋಲ್ಟಿನ ಡಿಸಿ ಪಂಪೇ ಹಾಕುವುದು ಅಂತ ತೀರ್ಮಾನಿಸಿದೆ.

ಡಿಸಿ ಪಂಪಿಗೆ ಆನ್‌ಲೈನ್ ಯಾಕೆ, ನಮ್ಮಲ್ಲಿ ಧಕ್ಕೆ (ಮೀನುಗಾರಿಕೆ ಬಂದರು) ಇದೆ! ಬೋಟಿನ ತಳದಲ್ಲಿ ಸೇರುವ ನೀರು ಹೊರಹಾಕುವ ಬಿಲ್ಜ್ ಪಂಪು ಬೋಟಿನ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ. ನಾನು ತಂದದ್ದು ಗಂಟೆಗೆ 2000 ಗ್ಯಾಲನ್ ಅಂತ ಬರೆದದ್ದು, ನಮ್ಮ ಲೆಕ್ಕದಲ್ಲಿ ಸುಮಾರು 7500 ಲೀಟರ್. ಆ ಲೆಕ್ಕ ಎತ್ತರ ಸೊನ್ನೆ ಇದ್ದರೆ ಮಾತ್ರ ಅಂತ ನಿಮಗೆ ಗೊತ್ತೇ ಇದೆ. ಹತ್ತಡಿ ಎತ್ತಿದರೆ ಅರ್ಧ ಬಂದರೂ ದೇವರ ದಯೆ.

ಅದರ ಬಾಯಿ ಮಾತ್ರ 28 ಎಂಎಂ. ನಮ್ಮ ಒಂದಿಂಚಿನ ಪೈಪಿಗೂ ಕೂರುವುದಿಲ್ಲ, ಒಂದೂಕಾಲು ಇಂಚಿನದಕ್ಕೂ ಕೂರುವುದಿಲ್ಲ. ಹಾರ್ಡ್‌ವೇರ್ ಅಂಗಡಿಯವರು ‘ನಾಳೆ ಬರ್ತದೆ ಸರ್’ ಅಂದರು. ಆ ನಾಳೆ ಇವತ್ತಿನವರೆಗೂ ಬಂದಿಲ್ಲ. ಕಡೆಗೆ ಕಾರಿನ ರೇಡಿಯೇಟರ್ ಹೋಸಿನ ತುಂಡು, ಎರಡು ಕ್ಲಿಪ್ಪು. ಕೆಲಸ ಮುಗಿಯಿತು. ಎನ್‌ಆರ್‌ವಿ (ನೀರು ಹಿಂದಕ್ಕೆ ಬರದ ಹಾಗೆ ತಡೆಯುವ ವಾಲ್ವು) ಕಥೆ ಇನ್ನೂ ಚೆಂದ. ಹಗುರ ಫ್ಲ್ಯಾಪಿನ ಪಿವಿಸಿಯದ್ದು ಆರ್ಡರ್ ಮಾಡಿದರೆ ಸ್ಪ್ರಿಂಗ್ ಇರುವ ಹಿತ್ತಾಳೆಯದ್ದು ಕಳಿಸಿದರು. ಫೋನ್ ಮಾಡಿದರೆ ‘ಎಲ್ಲಾ ಒಂದೇ ಸರ್, ಇದು ಇನ್ನೂ ಸ್ಟ್ರಾಂಗು’. ಅರೆ, ಸ್ಟ್ರಾಂಗು ಯಾರಿಗೆ ಬೇಕು? ಇಷ್ಟು ಸಣ್ಣ ಪಂಪಿಗೆ ಸ್ಪ್ರಿಂಗ್ ಒತ್ತಿ ತೆರೆಯುವುದೇ ಒಂದು ಕೆಲಸ. ವಾಪಸ್ ಕಳಿಸಿ ಬೇರೆ ತರಿಸಿದೆ.

ಉಳಿದದ್ದು ಮಾಮೂಲಿ, ಬೇಗ ಹೇಳಿ ಮುಗಿಸುತ್ತೇನೆ. ನೂರು ಎಎಚ್ ಟ್ಯೂಬ್ಯುಲರ್ ಬ್ಯಾಟರಿ, ಮೇಲೆ ವರಾಂಡದಲ್ಲಿ, ಗಾಳಿ ಆಡುವಲ್ಲಿ. ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುವ ವಸ್ತುವನ್ನು ಕೆಳಗೆ ಮುಚ್ಚಿದ ಜಾಗದಲ್ಲಿ ಇಡುವುದು ಬೇಡ. 13.6 ವೋಲ್ಟಿಗೆ ನಿಂತು ಬ್ಯಾಟರಿಯನ್ನು ಸದಾ ತುಂಬಿಯೇ ಇಡುವ ಫ್ಲೋಟ್ ಚಾರ್ಜರ್. ಬ್ಯಾಟರಿ ಪಕ್ಕದಲ್ಲೇ 15 ಆಂಪಿನ ಫ್ಯೂಸು. ಅಲ್ಲಿಂದ ಗುಂಡಿಗೆ ಒಂಬತ್ತು ಮೀಟರ್, 6 ಸ್ಕ್ವೇರ್ ಎಂಎಂ ತಾಮ್ರದ ವೈರು. ಎರಡೂವರೆ ಸ್ಕ್ವೇರ್ ಹಾಕಿದರೆ ಹೋಗಿ ಬರುವ ದಾರಿಯಲ್ಲೇ ಒಂದು ವೋಲ್ಟಿಗೂ ಜಾಸ್ತಿ ಕಳೆದುಹೋಗುತ್ತದೆ, 12ರಲ್ಲಿ ಒಂದು ಅಂದರೆ ದೊಡ್ಡ ಕಡಿತ. ಫ್ಲೋಟು ಕಾರಿನ ರಿಲೇಯನ್ನು (ದೊಡ್ಡ ಕರೆಂಟು ತಡೆಯುವ ಸ್ವಿಚ್ಚು) ಆನ್ ಮಾಡುತ್ತದೆ, ರಿಲೇ ಪಂಪನ್ನು ಆನ್ ಮಾಡುತ್ತದೆ.

ಇಡುವ ಕ್ರಮ ಮಾತ್ರ ಸರಿಯಾಗಿ ಹೇಳಬೇಕು, ಯಾಕೆಂದರೆ ಗ್ರಹಚಾರ ಇದ್ದದ್ದು ಅಲ್ಲೇ. ದೊಡ್ಡ ಪಂಪು ಗುಂಡಿಯ ತಳದಲ್ಲಿದೆ, ನೀರು ಆರಿಂಚಿಗೆ ಇಳಿದಾಗ ನಿಲ್ಲುತ್ತದೆ. ಬ್ಯಾಟರಿ ಪಂಪು ಕೆಸರು ಎಳೆಯಬಾರದು ಅಂತ ಒಂದು ಮುರಕಲ್ಲಿನ ಮೇಲೆ, ಎಂಟಿಂಚು ಎತ್ತರದಲ್ಲಿ. ಅದರ ಫ್ಲೋಟು ಇಪ್ಪತ್ತೆರಡು ಇಂಚಿಗೆ ಏಳುತ್ತದೆ, ಅಂದರೆ ದೊಡ್ಡದು ಕೈಕೊಟ್ಟರೆ ಮಾತ್ರ. ಎರಡಕ್ಕೂ ಒಂದೊಂದು ಎನ್‌ಆರ್‌ವಿ, ಮೇಲೆ ಟೀ (ಎರಡು ಪೈಪು ಒಂದಾಗಿಸುವ ಜೋಡಣೆ) ಹಾಕಿ ಒಂದೇ ಪೈಪು, ಅದು ಹತ್ತಡಿ ಮೇಲೇರಿ ತೋಡಿಗೆ (ಹೊರಗಿನ ಮಳೆನೀರಿನ ಕಾಲುವೆಗೆ). ಹೆಚ್ಚು ಕಡಿಮೆ ಎಲ್ಲರೂ ಹೀಗೇ ಮಾಡುತ್ತಾರೆ.

ಬಕೆಟಿನಲ್ಲಿ ಟೆಸ್ಟ್ ಮಾಡಿದೆ, ಪಾಸು. ಗುಂಡಿಗೆ ಇಳಿಸಿ, ಪೈಪು ಕಟ್ಟಿ, ಹೋಸಿನಲ್ಲಿ ನೀರು ತುಂಬಿಸಿ ಫ್ಲೋಟು ಎತ್ತಿದೆ. ಅದೂ ಪಾಸು, ತೋಡಿಗೆ ನೀರು ದಬದಬ ಬಿತ್ತು.

ಆಮೇಲೆ ಆಟಿಯ ಮಳೆ ಹಿಡಿಯಿತು. ರಾತ್ರಿ ಕರೆಂಟು ಹೋಯಿತು. ಕೆಳಗಿನಿಂದ ಗುಂಯ್ ಅಂತ ಶಬ್ದ ಕೇಳಿದಾಗ ಖುಷಿಯೋ ಖುಷಿ. ಬೆಳಿಗ್ಗೆ ಇಳಿದು ನೋಡಿದರೆ ಕಾರಿನ ಟೈರು ಅರ್ಧ ನೀರಿನಲ್ಲಿ, ಪಂಪು ಇನ್ನೂ ಗುಂಯ್‌ಗುಡುತ್ತಾ ಇದೆ! ಅಮ್ಮ ಮೆಟ್ಟಿಲ ಮೇಲೆ ನಿಂತು, ‘ಶಬ್ದ ಬರ್ತಾ ಉಂಟಲ್ವಾ, ಮತ್ತೆಂತ ಆಯ್ತು ಅದಕ್ಕೆ?’ ಅಂತ ಕೇಳಿದರು. ಅದೇ ನನ್ನ ಪ್ರಶ್ನೆಯೂ ಆಗಿತ್ತು.

ಬಿಚ್ಚಿ ತೆಗೆದು ಬಕೆಟಿಗೆ ಹಾಕಿದರೆ ಚೆನ್ನಾಗಿ ಚಿಮ್ಮುತ್ತದೆ. ಮತ್ತೆ ಗುಂಡಿಗೆ ಹಾಕಿ ಕಟ್ಟಿದರೆ ಅಲ್ಲೂ ಸರಿ. ಮರುದಿನ ಮತ್ತೆ ಬರೀ ಶಬ್ದ. ಪರಿಚಯದ ಎಲೆಕ್ಟ್ರಿಷಿಯನ್ ಅಣ್ಣ ಬಗ್ಗಿ ನೋಡಿ, ‘ಪಂಪು ಹೋಗಿದೆ ಮಾರಾಯ್ರೆ, ಬದಲಾಯಿಸಿ’ ಅಂದರು. ಹೋಗಿದ್ದರೆ ಬಕೆಟಿನಲ್ಲಿ ಯಾಕೆ ಕೆಲಸ ಮಾಡುತ್ತದೆ? ಅದಕ್ಕೆ ಅವರ ಹತ್ತಿರ ಉತ್ತರ ಇರಲಿಲ್ಲ, ಚಾ ಕುಡಿದು ಹೋದರು.

ಪಂಪಿನ ಬಾಯಲ್ಲಿ ವೋಲ್ಟೇಜ್ ಅಳೆದರೆ ಓಡುವಾಗಲೂ 12.2. ವೈರಿನ ತಪ್ಪಲ್ಲ. ವೈರಿಗೆ ಸುತ್ತ ಹಿಡಿದು ಆಂಪು ಅಳೆಯುವ ಕ್ಲಾಂಪ್ ಮೀಟರ್ ಹಾಕಿದೆ. (ಡಿಸಿ ಅಳೆಯುವ ಕ್ಲಾಂಪೇ ಬೇಕು. ಅಗ್ಗದ್ದು ಎಸಿಗೆ ಮಾತ್ರ, ಡಿಸಿ ಹರಿದರೆ ಸೊನ್ನೆ ತೋರಿಸಿ ನಿಮ್ಮನ್ನು ಹುಚ್ಚು ಮಾಡುತ್ತದೆ.) ಬಕೆಟಿನಲ್ಲಿ ಎಂಟು ಆಂಪು ಮೇಲೆ. ಗುಂಡಿಯಲ್ಲಿ, ನೀರಿನೊಳಗೆ ಮುಳುಗಿಯೇ ಇದ್ದರೂ, ಮೂರು.

ಮೂರು! ಪಂಪಿನ ರೆಕ್ಕೆಗೆ ಕಸ ಸಿಕ್ಕಿ ಬಿಗಿದಿದ್ದರೆ ಆಂಪು ಏರಬೇಕಿತ್ತು. ಇಳಿದಿದೆ ಅಂದರೆ ಪಂಪಿಗೆ ಕೆಲಸವೇ ಇಲ್ಲ, ಗಾಳಿಯಲ್ಲಿ ತಿರುಗುತ್ತಿದೆ. ನೀರಿನಡಿ ಒಂದಡಿ ಮುಳುಗಿದ ಪಂಪಿನೊಳಗೆ ಗಾಳಿ ಎಲ್ಲಿಂದ ಬಂತು?

ಇದನ್ನು ಯೋಚಿಸುತ್ತಾ ಗುಂಡಿಯ ಪಕ್ಕ ಸ್ಟೂಲ್ ಹಾಕಿ ಕೂತಿದ್ದೆ. ಹಾಗೆ ಕೂತಾಗ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಮಳೆ ಜೋರಾಗಿ ಸುರಿಯುವಾಗ ಗುಂಡಿಗೆ ನೀರು ಅಷ್ಟೇನೂ ಬರುವುದಿಲ್ಲ, ಮಳೆ ನಿಂತು ಸುಮಾರು ಹೊತ್ತಾದ ಮೇಲೆ ಒಸರು ಏರುತ್ತದೆ. ಮುರಕಲ್ಲು ಮೈತುಂಬ ತೂತು, ಕುಡಿದದ್ದನ್ನು ನಿಧಾನಕ್ಕೆ ಬಿಡುತ್ತದೆ. ಹಾಗಾದರೆ ಮಳೆಗೂ ಗುಂಡಿಗೂ ಎಷ್ಟು ಗಂಟೆಯ ಅಂತರ? ಇದು ಗೊತ್ತಾಗಬೇಕಾದರೆ ಮಳೆಮಾಪಕ ಬೇಕು. ಮುಂದಿನ ಪ್ರಾಜೆಕ್ಟ್ ಅದೇ: ಎರಡು ಪುಟ್ಟ ತೊಟ್ಟಿ, ನಡುವೆ ಕೀಲು, ಒಂದು ತುಂಬಿದರೆ ಮಗುಚುತ್ತದೆ, ಮಗುಚುವಾಗ ಆಯಸ್ಕಾಂತ ರೀಡ್ ಸ್ವಿಚ್ (ಆಯಸ್ಕಾಂತಕ್ಕೆ ಆನ್ ಆಗುವ ಸ್ವಿಚ್ಚು) ಮುಂದೆ ಹಾದುಹೋಗುತ್ತದೆ, ಒಂದು ಪಲ್ಸು. ಇಎಸ್‌ಪಿ32 (ಪಲ್ಸು ಎಣಿಸುವ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡು) ಒಂದು ಡಬ್ಬದಲ್ಲಿ ಸುಮ್ನೆ ಬಿದ್ದಿದೆ. ಲೆಕ್ಕ ಬೆಳಿಗ್ಗೆ ಎಂಟೂವರೆಯಿಂದ ಎಂಟೂವರೆಗೆ ಇಡಬೇಕು, ಹವಾಮಾನ ಇಲಾಖೆಯ ದಿನದ ಮಳೆ ಲೆಕ್ಕ ಹಾಗೇ ಇರುವುದರಿಂದ ಹೋಲಿಸಲಿಕ್ಕೆ ಸುಲಭ. ತೊಟ್ಟಿಗೆ ಏನು ಬಳಸುವುದು ಅಂತ ಗೊತ್ತಾಗಿಲ್ಲ, ತ್ರೀಡಿ ಪ್ರಿಂಟ್ ಮಾಡಿಸಿದರೆ ಪಾಚಿ ಹಿಡಿಯದೆ ಇರುತ್ತದಾ?

ಸರಿ, ಪಂಪಿಗೆ ಬರೋಣ.

ಪಂಪು ಗುಂಯ್‌ಗುಡುತ್ತಿರುವಾಗಲೇ ಎನ್‌ಆರ್‌ವಿಯ ಕೆಳಗಿನ ಯೂನಿಯನ್ (ಬಿಚ್ಚಿ ಕಟ್ಟಬಹುದಾದ ಪೈಪಿನ ಜೋಡಣೆ) ಸ್ವಲ್ಪ ಸಡಿಲ ಮಾಡಿದೆ. ಪುಸ್ಸ್ ಅಂತ ಗಾಳಿ ಬಂತು. ಒಂದೆರಡು ಸೆಕೆಂಡು ಅಷ್ಟೇ. ಪಂಪಿನ ಸ್ವರ ತಟ್ಟನೆ ದಪ್ಪ ಆಯಿತು, ಯೂನಿಯನ್ ಸಂದಿಯಿಂದ ಕೆಂಪು ನೀರು ನೇರ ನನ್ನ ಮುಖಕ್ಕೆ, ಕನ್ನಡಕಕ್ಕೆ. ಕ್ಲಾಂಪ್ ಮೀಟರಿನಲ್ಲಿ 8.3. ಒರೆಸಿಕೊಳ್ಳದೆ ಹಾಗೇ ಕೂತು ನಕ್ಕೆ.

ಆಗುವುದು ಹೀಗೆ. ದೊಡ್ಡ ಪಂಪು ದಿನಕ್ಕೆ ಎಷ್ಟೋ ಸಲ ಓಡಿ ನೀರನ್ನು ಆರಿಂಚಿಗೆ ಇಳಿಸುತ್ತದೆ. ಎಂಟಿಂಚಿನ ಮೇಲಿರುವ ಚಿಕ್ಕ ಪಂಪು ಆಗ ಪೂರ್ತಿ ಹೊರಗೆ. ಅದರೊಳಗಿನ ನೀರು ಸುರಿದುಹೋಗಿ ಎನ್‌ಆರ್‌ವಿಯವರೆಗೆ ಗಾಳಿ ತುಂಬುತ್ತದೆ. ಎನ್‌ಆರ್‌ವಿಯ ಮೇಲುಗಡೆ ಜಂಟಿ ಪೈಪಿನಲ್ಲಿ ದೊಡ್ಡ ಪಂಪು ಏರಿಸಿಟ್ಟ ಹತ್ತಡಿ ನೀರು ನಿಂತಿದೆ, ಅಂದರೆ 0.3 ಬಾರ್ ಒತ್ತಡ ಫ್ಲ್ಯಾಪನ್ನು ಬಿಗಿಯಾಗಿ ಮುಚ್ಚಿ ಹಿಡಿದಿದೆ. ಈಗ ಗುಂಡಿಯಲ್ಲಿ ನೀರು ಏರಿದರೂ ಒಳಗಿನ ಗಾಳಿಗೆ ದಾರಿ ಇಲ್ಲ. ಬಕೆಟ್ ನೀರಿಗೆ ಲೋಟ ಬೋರಲು ಒತ್ತಿದ ಹಾಗೆ. ಪಂಪಿನ ಸುತ್ತ ನೀರು, ಒಳಗೆ ಗಾಳಿ. ಒಂದಡಿ ನೀರಿನ ಒತ್ತಡಕ್ಕೆ ಆ ಗಾಳಿ ನೂರರಲ್ಲಿ ಮೂರು ಪಾಲು ಕುಗ್ಗಿದರೆ ಹೆಚ್ಚು.

ಪಂಪು ತಿರುಗಿ ಗಾಳಿಯನ್ನೇ ತಳ್ಳಬಹುದಲ್ಲ ಅಂದರೆ, ಅದೂ ಇಲ್ಲ. ಇದು ಸೆಂಟ್ರಿಫ್ಯೂಗಲ್ ಪಂಪು, ಅಂದರೆ ರೆಕ್ಕೆ ತಿರುಗಿಸಿ ನೀರನ್ನು ಹೊರಕ್ಕೆ ಎಸೆಯುವಂಥದ್ದು. ಅದರ ಒತ್ತಡ ಅದರೊಳಗೆ ಇರುವುದರ ಸಾಂದ್ರತೆಯ ಮೇಲೆ ನಿಂತಿದೆ. ಗಾಳಿ ನೀರಿಗಿಂತ ಸುಮಾರು ಎಂಟುನೂರು ಪಟ್ಟು ಹಗುರ. ಹತ್ತಡಿ ನೀರು ಎತ್ತುವ ಪಂಪು ಗಾಳಿಯಲ್ಲಿ ಕೆಲವು ಮಿಲಿಮೀಟರ್ ನೀರಿನಷ್ಟು ಒತ್ತಡ ಕೊಟ್ಟರೆ ಅದೇ ಹೆಚ್ಚು. ಬೋಟಿನಲ್ಲಿ ಈ ರಗಳೆ ಕಡಿಮೆ, ಅಲ್ಲಿ ಸಾಮಾನ್ಯವಾಗಿ ಎನ್‌ಆರ್‌ವಿ ಇಲ್ಲದೆ ಪೈಪು ನೇರ ಹೊರಗೆ ಹೋಗುತ್ತದೆ.

ನನ್ನ ಟೆಸ್ಟುಗಳೆಲ್ಲ ಪಾಸಾಗಿದ್ದು ಯಾಕೆ ಅಂತ ಈಗ ಗೊತ್ತಾಯಿತಲ್ಲ. ಮೊದಲ ಸಲ ಮೇಲಿನ ಪೈಪು ಖಾಲಿ ಇತ್ತು, ಫ್ಲ್ಯಾಪ್ ಸಡಿಲ, ಗಾಳಿ ಆರಾಮವಾಗಿ ಹೊರಗೆ ಹೋಯಿತು. ಬಿಚ್ಚಿ ಕಟ್ಟಿದಾಗಲೆಲ್ಲ ಯೂನಿಯನ್ ತೆರೆದು ಗಾಳಿಗೆ ನಾನೇ ದಾರಿ ಕೊಡುತ್ತಿದ್ದೆ. ಬ್ಯಾಕಪ್ ಪಂಪಿನ ನಿಜವಾದ ಪರೀಕ್ಷೆ ಒಂದೇ ಕ್ರಮದಲ್ಲಿ ಆಗಬೇಕು: ದೊಡ್ಡ ಪಂಪು ಓಡಿ ಗುಂಡಿ ಖಾಲಿ ಮಾಡಲಿ, ಆಮೇಲೆ ಅದರ ಎಂಸಿಬಿ ಇಳಿಸಿ, ಆಮೇಲೆ ನೀರು ತಾನಾಗಿ ಏರಲಿ. ಫ್ಲೋಟನ್ನು ಕೈಯಲ್ಲಿ ಎತ್ತಿ ನೋಡುವುದು ಟೆಸ್ಟೇ ಅಲ್ಲ. ಪಂಪಿನ ಜೊತೆ ಬಂದ ಕಾಗದದಲ್ಲಿ ಎಂಟು ಭಾಷೆಯಲ್ಲಿ ‘ಮಕ್ಕಳಿಂದ ದೂರವಿಡಿ’ ಅಂತ ಇದೆ, ಇದರ ಬಗ್ಗೆ ಒಂದು ಸಾಲಿಲ್ಲ.

ಪರಿಹಾರ ಆಗಲೇ ಹೇಳಿದೆ. ಪಂಪಿಗೂ ಎನ್‌ಆರ್‌ವಿಗೂ ನಡುವೆ, ಪಂಪಿನ ಬಾಯಿಂದ ಎರಡಿಂಚು ಮೇಲೆ, 3 ಎಂಎಂ ತೂತು. ಡ್ರಿಲ್ ಓರೆ ಹಿಡಿದು ಚಿಮ್ಮುವ ನೀರು ಕೆಳಮುಖವಾಗಿ ಗುಂಡಿಗೇ ಬೀಳುವ ಹಾಗೆ ಕೊರೆಯಿರಿ, ಇಲ್ಲದಿದ್ದರೆ ಫ್ಲೋಟಿನ ವೈರಿಗೆ ದಿನಾ ಅಭಿಷೇಕ. ಎರಡು ಎಂಎಂ ಸಾಕು ಅನ್ನುವವರಿದ್ದಾರೆ. ನಮ್ಮ ಕೆಂಪು ಕೆಸರಿಗೆ ಅದು ಮುಚ್ಚಿಹೋಗುತ್ತದೆ. ನೀರು ಪೋಲು ಆಗುವುದಿಲ್ವಾ ಅಂದರೆ ಆಗುತ್ತದೆ, ಲೆಕ್ಕ ಹಾಕಿದರೆ ನಿಮಿಷಕ್ಕೆ ಎರಡು ಲೀಟರಿನ ಆಸುಪಾಸು. ಪಂಪು ಹೊರಹಾಕುವುದು ನಿಮಿಷಕ್ಕೆ ಐವತ್ತೈದು ಲೀಟರಿನಷ್ಟು. ಚಿಂತೆ ಇಲ್ಲ.

ತೂತು ಕೊರೆದ ಮೇಲೆ ಸರಿಯಾದ ಕ್ರಮದಲ್ಲಿ ಪರೀಕ್ಷೆ ಆಯಿತು, ಪ್ರತಿ ಸಲವೂ ಎಳೆಯಿತು. ಜೋರು ಒಸರಿನಲ್ಲಿ ಎರಡು ನಿಮಿಷಕ್ಕೆ ನಾಲ್ಕಿಂಚು ಏರುತ್ತದೆ, ಈ ಗುಂಡಿಯ ಅಳತೆಗೆ ಅದು ನಿಮಿಷಕ್ಕೆ ಸುಮಾರು 19 ಲೀಟರ್. ಅಂದರೆ ಪಂಪು ಮೂರರಲ್ಲಿ ಒಂದು ಪಾಲು ಹೊತ್ತು ಓಡಿದರೆ ಸಾಕು, ಸರಾಸರಿ ಮೂರು ಆಂಪಿನ ಒಳಗೆ. ಬ್ಯಾಟರಿಯ ಅರ್ಧ ಮಾತ್ರ ಬಳಸುವುದು ಅಂತ ಇಟ್ಟುಕೊಂಡರೂ ಹದಿನಾರು ಗಂಟೆ ಮೇಲೆ ಸಿಗುತ್ತದೆ. ಮರ ಕಡಿದು ಲೈನ್ ಕಟ್ಟಲಿಕ್ಕೆ ಅಷ್ಟು ಹೊತ್ತು ಸಾಕಾಗಲಿ.

ಇಷ್ಟಾದರೂ ಜಂಟಿ ಪೈಪು ನನಗೆ ಮನಸ್ಸಿಗೆ ಬರುತ್ತಿಲ್ಲ. ಆ ಪೈಪು ಕಟ್ಟಿಕೊಂಡರೆ ಎರಡು ಪಂಪೂ ಒಟ್ಟಿಗೆ ಮಲಗುತ್ತವೆ. ಮಳೆ ಬಿಟ್ಟ ಮೇಲೆ ಚಿಕ್ಕದಕ್ಕೆ ಬೇರೆಯೇ ಪೈಪು, ಎನ್‌ಆರ್‌ವಿ ಇಲ್ಲದೆ ನೇರ ತೋಡಿಗೆ. ಪೈಪಿನಲ್ಲಿ ನಿಂತ ನೀರು ಪಂಪು ನಿಂತ ಕೂಡಲೇ ಗುಂಡಿಗೆ ವಾಪಸ್ ಬರುತ್ತದೆ, ಹತ್ತಡಿಗೆ ಎರಡು ಮೂರು ಲೀಟರ್, ಬರಲಿ ಬಿಡಿ. ಅದಕ್ಕೆ ಕಾಂಕ್ರೀಟ್ ಗೋಡೆಯಲ್ಲಿ ಎರಡಿಂಚಿನ ತೂತು ಬೇಕು. ಮಂಗಳೂರಿನಲ್ಲಿ ಕೋರ್ ಕಟ್ಟರ್ ಬಾಡಿಗೆಗೆ ಕೊಡುವವರು ಯಾರಾದರೂ ಗೊತ್ತಿದ್ದರೆ ಹೇಳಿ, ನಾನು ಕೇಳಿದವರೆಲ್ಲ ಆಳು ಸಮೇತ ಮಾತ್ರ ಕಳಿಸುತ್ತೇವೆ ಅಂತಿದ್ದಾರೆ, ಒಂದು ತೂತಿಗೆ ಅವರು ಹೇಳುವ ರೇಟು ಕೇಳಿದರೆ ಇನ್ನೊಂದು ಬ್ಯಾಟರಿಯೇ ಬರುತ್ತದೆ.